ಹೊಸ ಲ್ಯಾಪ್‌ಟಾಪಿನಲ್ಲಿ ಲೈಬ್ರರಿ ವೆಬ್‌ಸೈಟ್: ಮೊದಲು ಏನೇನು ಹಾಕಿಕೊಳ್ಳಬೇಕು

ಅಕ್ಕಾ, ಊರ ಲೈಬ್ರರಿಯ ಪುಸ್ತಕಪಟ್ಟಿಯನ್ನು ಕನ್ನಡದಲ್ಲೇ ವೆಬ್‌ಸೈಟಿಗೆ ತರಬೇಕು ಅಂತ ಹೊರಟಿದ್ದೀರಿ, ಓದಿ ಖುಷಿಯಾಯಿತು. ವಿಂಡೋಸ್ 11, 8 ಜಿಬಿ ರ್ಯಾಮ್, ಕಡಿಮೆ ದುಡ್ಡಿನ ಹೋಸ್ಟಿಂಗ್ (ಸೈಟ್ ಇಡಲು ಬಾಡಿಗೆಗೆ ಸಿಗುವ ಜಾಗ). ವೆಬ್‌ಸೈಟ್ ಕಟ್ಟಲು ಬಳಸುವ ಪಿಎಚ್‌ಪಿ, ನೋಡ್, ಡಾಕರ್ ಎಲ್ಲಾ ಹಾಕಬೇಕಾ ಅಂತ ಕೇಳಿದ್ದೀರಿ. ಎಲ್ಲಾ ಬೇಡ. ಅಗ್ಗದ ಹೋಸ್ಟಿಂಗಿನಲ್ಲಿ ಸಾಮಾನ್ಯವಾಗಿ ಸಿಗುವುದು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆ ಮತ್ತು ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸ್ (ಮಾಹಿತಿ ಉಳಿಸುವ ತಂತ್ರಾಂಶ). ಮನೆಯಲ್ಲೂ ಅದನ್ನೇ ಇಟ್ಟುಕೊಳ್ಳಿ. ಡಾಕರ್ ಒಳಗೊಳಗೇ ಒಂದು ಲಿನಕ್ಸ್ ಓಡಿಸುತ್ತದೆ, 8 ಜಿಬಿಗೆ ಅದು ಭಾರ.

ಮೊದಲು ಫೈಲ್ ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ ಶೋ ಒತ್ತಿ, ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಆನ್ ಮಾಡಿ. ಇಲ್ಲದಿದ್ದರೆ ನೋಟ್‌ಪ್ಯಾಡಿನಲ್ಲಿ ಉಳಿಸಿದ ಪಿಎಚ್‌ಪಿ ಫೈಲಿನ ಹಿಂದೆ ಟಿಎಕ್ಸ್‌ಟಿ ಅಂಟಿಕೊಂಡಿದ್ದರೂ ಕಣ್ಣಿಗೆ ಬೀಳುವುದಿಲ್ಲ.

ಆಮೇಲೆ ಕೋಡ್ ಬರೆಯಲು ವಿಎಸ್ ಕೋಡ್, ಬದಲಾವಣೆಗಳ ದಾಖಲೆ ಇಡಲು ಗಿಟ್, ವೆಬ್‌ಸೈಟನ್ನು ಮನೆಯಲ್ಲೇ ಓಡಿಸಲು ಝ್ಯಾಂಪ್ (XAMPP), ಈ ಮೂರೇ. ಅಪಾಚೆ (ಬ್ರೌಸರಿಗೆ ಪುಟ ಕಳಿಸುವ ವೆಬ್ ಸರ್ವರ್), ಪಿಎಚ್‌ಪಿ, ಡೇಟಾಬೇಸ್ ಎಲ್ಲವೂ ಝ್ಯಾಂಪ್ ಜೊತೆಗೇ ಬರುತ್ತವೆ. ಅದರ ಡೇಟಾಬೇಸ್ ಮರಿಯಾಡಿಬಿ, ನಿಮ್ಮ ಕೆಲಸಕ್ಕೆ ಮೈಎಸ್‌ಕ್ಯುಎಲ್‌ನಂತೆಯೇ ನಡೆಯುತ್ತದೆ. ಝ್ಯಾಂಪನ್ನು ಪ್ರೋಗ್ರಾಂ ಫೈಲ್ಸ್ ಒಳಗೆ ಹಾಕಬೇಡಿ, ಅಲ್ಲಿ ಬರೆಯಲು ಅನುಮತಿಯ ತಂಟೆ. ನೇರವಾಗಿ ಸಿ ಡ್ರೈವಿಗೆ ಹಾಕಿ, ನಿಮ್ಮ ಫೈಲುಗಳನ್ನು ಅದರ ಎಚ್‌ಟಿಡಾಕ್ಸ್ ಫೋಲ್ಡರಿನಲ್ಲಿಡಿ, ಫೋಲ್ಡರಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಜಾಗ ಬಿಡದೆ ಇರಲಿ. ಪಿಎಚ್‌ಪಿ ಫೈಲನ್ನು ಡಬಲ್ ಕ್ಲಿಕ್ ಮಾಡಿದರೆ ಓಡುವುದಿಲ್ಲ, ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ (ನಿಮ್ಮದೇ ಲ್ಯಾಪ್‌ಟಾಪಿನ ವಿಳಾಸ) ಮೂಲಕವೇ ತೆರೆಯಬೇಕು. ಅಪಾಚೆ ಶುರುವಾಗದಿದ್ದರೆ ಬಹುಮಟ್ಟಿಗೆ ಅದಕ್ಕೆ ಬೇಕಾದ 80ನೇ ಪೋರ್ಟನ್ನು (ಸಂಪರ್ಕದ ಬಾಗಿಲಿನ ಸಂಖ್ಯೆ) ಇನ್ನೊಂದು ಪ್ರೋಗ್ರಾಂ ಹಿಡಿದುಕೊಂಡಿರುತ್ತದೆ. ಅಪಾಚೆಯ ಕಾನ್ಫಿಗ್ (ಸೆಟ್ಟಿಂಗ್) ಫೈಲಿನಲ್ಲಿ ಲಿಸನ್ 80 ಇರುವಲ್ಲಿ 8080 ಮಾಡಿ. ಝ್ಯಾಂಪಿನಲ್ಲಿ ಡೇಟಾಬೇಸಿನ ರೂಟ್ ಬಳಕೆದಾರನಿಗೆ (ಎಲ್ಲಾ ಅಧಿಕಾರವಿರುವ ಖಾತೆ) ಮೊದಲಿಗೆ ಪಾಸ್‌ವರ್ಡೇ ಇರುವುದಿಲ್ಲ, ಹಾಗಾಗಿ ಝ್ಯಾಂಪ್ ಮನೆಗೆ ಮಾತ್ರ.

ನಿಜವಾದ ಕೆಲಸ ಇರುವುದು ಕನ್ನಡದಲ್ಲಿ. ಪಟ್ಟಿ ನುಡಿ ಫಾಂಟಿನಲ್ಲಿ ಟೈಪಾದ ವರ್ಡ್ ಫೈಲ್ ಅಂದಿರಿ. ಹಳೆಯ ನುಡಿ ಅಕ್ಷರಗಳು ಕನ್ನಡದಂತೆ ಕಾಣುತ್ತವೆ ಅಷ್ಟೆ, ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕೋಡು. ವೆಬ್ ಪುಟಕ್ಕೆ ಅಂಟಿಸಿದರೆ ಅರ್ಥವಿಲ್ಲದ ಗೀಚು ಬರುತ್ತದೆ. ಮೊದಲು ಯೂನಿಕೋಡಿಗೆ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಪದ್ಧತಿ) ಬದಲಾಯಿಸಿ. ಬರಹ ತಂತ್ರಾಂಶದ ಜೊತೆಗೂ ಪರಿವರ್ತಕವಿದೆ. ಬದಲಾಯಿಸಿದ ಮೇಲೆ ಅರ್ಕಾವತ್ತು ಬರುವ ಪದಗಳನ್ನು ಒಂದೊಂದಾಗಿ ನೋಡಿ, ತಪ್ಪು ನುಸುಳುವುದು ಅಲ್ಲೇ ಹೆಚ್ಚು.

ಡೇಟಾಬೇಸ್ ಮಾಡುವಾಗ ಕೊಲೇಶನ್ (ಅಕ್ಷರಗಳನ್ನು ಹೋಲಿಸಿ ವಿಂಗಡಿಸುವ ನಿಯಮ) ಜಾಗದಲ್ಲಿ ಯುಟಿಎಫ್8ಎಂಬಿ4 ಯೂನಿಕೋಡ್ ಸಿಐ (utf8mb4_unicode_ci) ಆರಿಸಿ. ಪಿಎಚ್‌ಪಿ ಕಡೆಯ ಕನೆಕ್ಷನ್ನಿಗೂ ಯುಟಿಎಫ್8ಎಂಬಿ4 ಕ್ಯಾರೆಕ್ಟರ್ ಸೆಟ್ಟನ್ನೇ ಹೇಳಿ, ಪುಟದ ಮೆಟಾ ಟ್ಯಾಗಿನಲ್ಲಿ ಯುಟಿಎಫ್-8 ಇರಲಿ. ಮೂರೂ ಕಡೆ ಬೇಕು. ನಾನೊಮ್ಮೆ ಲ್ಯಾಟಿನ್-1 (ಕನ್ನಡ ಹಿಡಿಯದ ಹಳೆಯ ಅಕ್ಷರ ಪದ್ಧತಿ) ಟೇಬಲ್ಲಿಗೆ ಕನ್ನಡ ಹೆಸರುಗಳನ್ನು ಸೇರಿಸಿದ್ದೆ, ಎಲ್ಲಾ ಪ್ರಶ್ನಾರ್ಥಕ ಚಿಹ್ನೆಗಳಾದವು. ಹಾಗಾದ ಮೇಲೆ ಅಕ್ಷರ ವಾಪಸ್ ಬರುವುದಿಲ್ಲ. ಎರಡು ದಿನ ಕೂತು ಮತ್ತೆ ಟೈಪ್ ಮಾಡಿದೆ. ಆ ಸಂಕಟ ನಿಮಗೆ ಬೇಡ.

ವಿಂಗಡಣೆಯಲ್ಲೂ ಒಂದು ತೊಡಕಿದೆ. ಯೂನಿಕೋಡಿನಲ್ಲಿ ಳ ಅಕ್ಷರದ ಸಂಖ್ಯೆ ವ, ಶ, ಹ ಇವುಗಳಿಗಿಂತ ಮೊದಲು ಬರುತ್ತದೆ, ನಮ್ಮ ವರ್ಣಮಾಲೆಯಲ್ಲಿ ಅದು ಕೊನೆ. ಪಟ್ಟಿ ಅಕಾರಾದಿಯಾಗಿ ಬಂದಿದೆಯಾ ಅಂತ ಪರೀಕ್ಷಿಸಿ.

ಗಿಟ್‌ನಲ್ಲಿ ದಿನದ ಕೊನೆಗೆ ಒಂದು ಕಮಿಟ್ (ಅಲ್ಲಿಯವರೆಗಿನ ಕೆಲಸವನ್ನು ದಾಖಲಿಸುವುದು) ಸಾಕು. ಪಾಸ್‌ವರ್ಡ್ ಇರುವ ಫೈಲನ್ನು ಮಾತ್ರ ಗಿಟ್‌ಇಗ್ನೋರಿಗೆ (ಗಿಟ್ ದಾಖಲಿಸಬಾರದ ಫೈಲುಗಳ ಪಟ್ಟಿ) ಮೊದಲೇ ಸೇರಿಸಿ.

ಪೂರ್ತಿ ಪಟ್ಟಿ ಹಾಕುವ ಮುಂಚೆ ‘ಸ್ತ್ರೀ’, ‘ಜ್ಞಾನ’, ‘ಸೂರ್ಯ’ ಈ ಮೂರು ಪದ ಸೇರಿಸಿ, ಡೇಟಾಬೇಸ್ ನಿಲ್ಲಿಸಿ ಮತ್ತೆ ಶುರು ಮಾಡಿ ನೋಡಿ. ಸರಿಯಾಗಿ ಬಂದರೆ ಮುಂದುವರಿಯಿರಿ. ನುಡಿ ಫೈಲಿನ ಒಂದು ಪುಟ ಇಲ್ಲಿ ಹಾಕಿ, ಬದಲಾಯಿಸಿ ಕಳಿಸುತ್ತೇನೆ.