ಕಲಾ ಪ್ರಶ್ನೋತ್ತರ: ದೇವರ ಪಟ, ದೇಹದ ಚಿತ್ರ ಮತ್ತು ಕತ್ತರಿಯ ಅಂಚು

ಪ್ರಶ್ನೆ: ಮಾನ್ಯರೇ, ನಾನು ಧಾರವಾಡ ಕಡೆಯವಳು, ಮದುವೆಯಾದ ಮೇಲೆ ಮುಂಬೈ ಬಳಿಯ ಡೊಂಬಿವಲಿಯಲ್ಲಿ ನೆಲೆಸಿದ್ದೇನೆ. ಬಿಡುವಿನಲ್ಲಿ ನನ್ನದೇ ದೇಹದ ಕಪ್ಪು-ಬಿಳುಪು ಛಾಯಾಚಿತ್ರಗಳನ್ನು ತೆಗೆದು, ಅಂದರೆ ಬೆನ್ನು, ಕೊರಳು, ಒದ್ದೆ ಕೂದಲು, ಅರಿಸಿನ ಹಚ್ಚಿದ ಪಾದ ಇಂಥವುಗಳನ್ನು ತೆಗೆದು, ಹಳೆಯ ಕ್ಯಾಲೆಂಡರುಗಳ ದೇವರ ಪಟದ ತುಣುಕುಗಳೊಂದಿಗೆ ಸೇರಿಸಿ ಕೊಲಾಜ್ ಮಾಡುತ್ತೇನೆ. ಆ ಹೊತ್ತಿನಲ್ಲಿ ನನ್ನ ಮನಸ್ಸು ಪೂಜೆಗೆ ಕುಳಿತಾಗ ಇರುವಷ್ಟೇ ನಿಶ್ಚಲವಾಗಿರುತ್ತದೆ. ಆದರೆ ಇಲ್ಲಿನ ಕನ್ನಡ ಬಳಗವೊಂದರ ಪ್ರದರ್ಶನಕ್ಕೆ ಕೊಟ್ಟಾಗ, ‘ಭಕ್ತಿಯ ಜಾಗಕ್ಕೆ ಭೋಗವನ್ನು ತರಬೇಡಮ್ಮ’ ಎಂದು ಹಿರಿಯರೊಬ್ಬರು ಹಿಂದಿರುಗಿಸಿದರು. ಇಂಥ ಕಲೆಗೆ ನಮ್ಮ ಪರಂಪರೆಯಲ್ಲಿ ನೆಲೆ ಇಲ್ಲವೇ? ದೋಷವಿದ್ದರೆ ಅದು ನನ್ನ ಕೆಲಸದಲ್ಲಿ ಎಲ್ಲಿದೆ? ಎರಡು ಕೃತಿಗಳ ಪ್ರತಿಗಳನ್ನು ಲಗತ್ತಿಸಿದ್ದೇನೆ.
— ಹೆಸರು ಬೇಡ, ಡೊಂಬಿವಲಿ

ಉತ್ತರ: ನೆಲೆ ಇದೆ, ಮತ್ತು ಅದು ಬಹಳ ಹಳೆಯದು. ಭಗವಂತನನ್ನು ಗಂಡನೆಂದು, ತನ್ನನ್ನು ಸತಿಯೆಂದು ಭಾವಿಸುವ ಶರಣಸತಿ-ಲಿಂಗಪತಿ ಭಾವವು ಹನ್ನೆರಡನೆಯ ಶತಮಾನದಿಂದಲೇ ಕನ್ನಡದ ಅಧ್ಯಾತ್ಮದ ಜೀವನಾಡಿಯಾಗಿದೆ. ಚೆನ್ನಮಲ್ಲಿಕಾರ್ಜುನನಿಗಾಗಿ ಅಕ್ಕಮಹಾದೇವಿ ಪಟ್ಟ ಹಂಬಲದಲ್ಲಿ ವಿರಹವೂ ವೈರಾಗ್ಯವೂ ಬೇರೆಬೇರೆಯಾಗಿ ಸಿಗುವುದಿಲ್ಲ. ನಿಮ್ಮನ್ನು ತಡೆದ ಹಿರಿಯರೂ ಅಕ್ಕನ ವಚನಗಳನ್ನು ಹಾಡಿ ಬೆಳೆದವರೇ ಇರಬೇಕು. ಆದರೂ ಅವರ ಅಳುಕನ್ನು ನಾನು ತಳ್ಳಿಹಾಕಲಾರೆ. ಏಕೆಂದರೆ ಅಕ್ಕನ ದಿಗಂಬರತೆಯನ್ನು ಮುಂದಿಟ್ಟುಕೊಂಡು ಎಲ್ಲ ನಗ್ನ ಚಿತ್ರಗಳನ್ನೂ ಸಮರ್ಥಿಸುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಉಡುಗೆಯನ್ನು ತೊರೆದು ಕೂದಲನ್ನೇ ಹೊದ್ದು ನಡೆದ ಅಕ್ಕ, ತನ್ನ ದೇಹವನ್ನು ನೋಡುವವರ ಕಣ್ಣಿನಿಂದ ಬಿಡಿಸಿಕೊಂಡಳು; ಅರಸನಾದ ಕೌಶಿಕನ ಆಸೆಗೆ ಗುರಿಯಾಗಿದ್ದ ದೇಹ ಮುಂದೆ ಯಾರ ಆಸೆಗೂ ಉತ್ತರಿಸಬೇಕಾಗಿರಲಿಲ್ಲ. ಆದ್ದರಿಂದ ಇಂಥ ಕೃತಿಯನ್ನು ಕಂಡಾಗ ಎಷ್ಟು ಬಟ್ಟೆ ಇದೆ ಎಂದು ಲೆಕ್ಕ ಹಾಕುವುದಕ್ಕಿಂತ, ಈ ದೇಹ ಯಾರ ಕಡೆಗೆ ತಿರುಗಿದೆ ಎಂದು ಕೇಳಿಕೊಳ್ಳುವುದು ಮೇಲು ಎಂದು ನಾನು ನಂಬಿದ್ದೇನೆ.

ಈ ಪ್ರಶ್ನೆಯನ್ನು ಇಟ್ಟುಕೊಂಡೇ ನಿಮ್ಮ ಎರಡು ಕೃತಿಗಳನ್ನು ನೋಡಿದೆ. ಮೊದಲನೆಯದರಲ್ಲಿ ಬೆನ್ನು ಮಾತ್ರ ಕಾಣುತ್ತದೆ. ಕ್ಯಾಲೆಂಡರಿನ ಕೃಷ್ಣನ ನೀಲಿ ಕೈಯೊಂದನ್ನು ಮಣಿಕಟ್ಟಿನವರೆಗೆ ಕತ್ತರಿಸಿ ಎಡ ಹೆಗಲಿನ ಮೇಲೆ ಅಂಟಿಸಿದ್ದೀರಿ. ಕೊಳಲು ಹಿಡಿಯಲೆಂದು ಬಾಗಿದ್ದ ಬೆರಳುಗಳು ಇಲ್ಲಿ ಕೊಳಲಿಲ್ಲದೆ ಹೆಗಲಿನ ಮೂಳೆಯನ್ನು ಮುಟ್ಟಿಯೂ ಮುಟ್ಟದಂತೆ ನಿಂತಿವೆ. ಬೂದುಬಣ್ಣದ ಚರ್ಮ, ಅಚ್ಚಿನ ಮಾಸಿದ ನೀಲಿ, ಅವೆರಡರ ನಡುವೆ ಕತ್ತರಿ ಬಿಟ್ಟುಹೋದ ಬಿಳಿಯ ಕಾಗದದ ಎಳೆ. ಸ್ಪರ್ಶ ಬೇಕೆನ್ನುವ ತುಡಿತ ಮತ್ತು ಅದು ದಕ್ಕದೆಂಬ ಅರಿವು ಎರಡೂ ಆ ಎಳೆಯಲ್ಲಿ ಕೂಡಿವೆ. ಆ ಬಿಳಿಯನ್ನು ದಯವಿಟ್ಟು ಬಣ್ಣ ಹಚ್ಚಿ ಮುಚ್ಚಬೇಡಿ. ಎರಡನೆಯದರಲ್ಲಿ ನಿಮ್ಮ ಮುಖದ ಮೇಲೆ ಲಕ್ಷ್ಮಿಯ ಮುಖವನ್ನು ಅಂಟಿಸಿದ್ದೀರಿ. ಇದು ನನಗೆ ಒಪ್ಪಿಗೆಯಾಗಲಿಲ್ಲ. ಕೆಳಗಿನ ದೇಹ ನೋಡುಗರಿಗೆ ಎದುರಾಗಿ ನಿಂತಿದೆ, ಮೇಲಿನ ಮುಖ ಅದಕ್ಕೆ ಗೌರವದ ಚೀಟಿಯಂತೆ ಅಂಟಿಕೊಂಡಿದೆ. ಎರಡರ ನಡುವೆ ಮಾತುಕತೆಯೇ ನಡೆಯುವುದಿಲ್ಲ. ದೋಷ ಎಲ್ಲಿದೆ ಎಂದು ಕೇಳಿದ್ದೀರಿ, ಇಲ್ಲಿದೆ. ದೇವಿಯ ಘನತೆಯನ್ನು ಎರವಲು ಪಡೆದು ಚಿತ್ರಕ್ಕೆ ತೂಕ ತರಲು ಹೊರಟಿದ್ದೀರಿ, ಆದರೆ ಆ ಎರವಲಿಗೆ ನಿಮ್ಮ ಕಡೆಯಿಂದ ಏನೂ ಕೊಟ್ಟಿಲ್ಲ.

ಇದೇ ಲಕ್ಷ್ಮಿಯನ್ನು ಬೇರೆ ರೀತಿಯಲ್ಲಿ ಎದುರಿಸಿದವರು ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ. 2000ರಿಂದ 2004ರ ಅವಧಿಯಲ್ಲಿ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಂದಿಗೆ ಮಾಡಿದ ಸರಣಿಯಲ್ಲಿ ಅವರು ರವಿವರ್ಮನ ಅಚ್ಚಿನ ಲಕ್ಷ್ಮಿಯಾಗಿ ತಾವೇ ನಿಂತರು. ಬರೆದ ಪರದೆ, ವೇಷ, ಪರಿಕರ ಎಲ್ಲವೂ ವೇಷವೆಂದು ಗೊತ್ತಾಗುವಂತೆಯೇ ಇರುವುದರಿಂದ, ಪಟದ ದೇವಿಗೂ ನಿಂತ ಹೆಂಗಸಿಗೂ ಇರುವ ಅಂತರವನ್ನು ನೋಡುಗರು ತಾವೇ ಅಳೆಯಬೇಕಾಗುತ್ತದೆ.

ನೀವು ಬಳಸುವ ಸಾಮಗ್ರಿಯ ವಂಶಾವಳಿಯೂ ನಿಮ್ಮ ಊರಿನ ಸುತ್ತಲಿನದೇ ಎಂಬುದನ್ನು ಗಮನಿಸಿ. ರವಿವರ್ಮನ ಮುದ್ರಣಾಲಯ 1894ರಲ್ಲಿ ಮುಂಬೈಯಲ್ಲಿ ಆರಂಭವಾಗಿ, ಮುಂದೆ ಲೋಣಾವಳದ ಬಳಿಯ ಮಳವಲಿಗೆ ಹೋಯಿತು. ಅಲ್ಲಿಂದ ಮನೆಮನೆಗೆ ಬಂದ ಲಕ್ಷ್ಮಿ-ಸರಸ್ವತಿಯರ ಪಟಗಳಿಗೆ ಹೆಂಗಸರು ಜರಿಯ ಬಟ್ಟೆಯನ್ನು ಕತ್ತರಿಸಿ ಸೀರೆಯಾಗಿ ಅಂಟಿಸುತ್ತಿದ್ದರು, ಒಡವೆಗಳಿರುವಲ್ಲಿ ಮಣಿ ಮತ್ತು ಚಮಕಿಗಳನ್ನು ಹೊಲಿಯುತ್ತಿದ್ದರು. ದೇವಿಗೆ ಉಡಿಸಿ ತೊಡಿಸುವ ಆ ಸೇವೆಯಲ್ಲಿ ಬಟ್ಟೆಯ ನುಣುಪಿನ, ಬೆರಳಿನ ಸುಖದ ಪಾಲು ಇರಲಿಲ್ಲವೆಂದು ಯಾರು ಹೇಳಬಲ್ಲರು? ರಾಜಸ್ಥಾನದ ನಾಥದ್ವಾರದ ಚಿತ್ರಕಾರರು ಇನ್ನೂ ಮುಂದೆ ಹೋದರು. ಕೃಷ್ಣನ ರೂಪವಾದ ಶ್ರೀನಾಥಜಿಯ ಎರಡೂ ಬದಿಗೆ ಕೈಮುಗಿದು ನಿಂತ ಯಾತ್ರಿಕ ಕುಟುಂಬವನ್ನು ಚಿತ್ರಿಸುವಾಗ, ಮುಖಗಳನ್ನು ಮಾತ್ರ ಫೋಟೋದಿಂದ ಕತ್ತರಿಸಿ ಅಂಟಿಸಿ, ಪಗಡಿ, ಅಂಗಿ, ಸೀರೆಗಳನ್ನು ಕುಂಚದಿಂದ ಬರೆದರು. ಮನೋರಥವೆಂದು ಕರೆಯುವ ಆ ಚಿತ್ರಗಳಲ್ಲಿ ಕ್ಯಾಮೆರಾ ಕಂಡ ಮುಖ ಮತ್ತು ಭಕ್ತಿ ಕಂಡ ದೇವರು ಒಂದೇ ಹಾಳೆಯಲ್ಲಿ ಕೂಡಿದ್ದಾರೆ. ಯುರೋಪಿನಲ್ಲಿ ಪಿಕಾಸೊ ಮತ್ತು ಬ್ರಾಕ್ 1912ರಲ್ಲಿ ಅಂಟುಚಿತ್ರವನ್ನು, ಅಂದರೆ ಕೊಲಾಜನ್ನು, ಆಧುನಿಕ ಕಲೆಯ ಭಾಗವಾಗಿಸಿದ್ದು ನಿಜ. ಆದರೆ ನೀವು ಹಿಡಿದಿರುವ ದಾರಿಗೆ ನಾಥದ್ವಾರವೇ ಹತ್ತಿರ. 1960ರ ದಶಕದಲ್ಲಿ ಬರೋಡಾದ ಕಲಾವಿದ ಭೂಪೇನ್ ಖಖ್ಖರ್ ದೇವರ ಪಟಗಳನ್ನು ಕತ್ತರಿಸಿ ತಮ್ಮ ಕೃತಿಗಳಲ್ಲಿ ಅಂಟಿಸಿದಾಗಲೂ ಅವರ ಕೈಗೆ ಸಿಕ್ಕಿದ್ದು ಇದೇ ಬೀದಿಬದಿಯ ಅಚ್ಚುಗಳು.

ಒಂದು ರಜೆಯ ದಿನ, ಸೋಮವಾರವನ್ನು ಬಿಟ್ಟು, ಮುಂಬೈಯ ಗೇಟ್‌ವೇಯಿಂದ ದೋಣಿ ಹತ್ತಿ ಘಾರಾಪುರಿಯ, ಅಂದರೆ ಎಲಿಫೆಂಟಾದ, ಗುಹೆಗಳಿಗೆ ಹೋಗಿಬನ್ನಿ. ಎಲ್ಲರೂ ಮೂರು ಮುಖದ ಸದಾಶಿವನ ಮುಂದೆ ಗುಂಪುಗೂಡಿರುತ್ತಾರೆ. ನೀವು ಪಕ್ಕದ ಅರ್ಧನಾರೀಶ್ವರನ ಮುಂದೆ ನಿಲ್ಲಿ. ಶಿವನ ಕಡೆಯ ತೋಳು ನಂದಿಯ ಮೇಲೆ ಒರಗಿದೆ, ಪಾರ್ವತಿಯ ಕಡೆಯ ಕೈಯಲ್ಲಿ ಕನ್ನಡಿ ಇದೆ, ಸೊಂಟ ಒಂದು ಬದಿಗೆ ತೂಗಿದೆ. ಒಂದು ಪಾರ್ಶ್ವದ ಎದೆ ಸಮತಟ್ಟು, ಇನ್ನೊಂದು ಪಾರ್ಶ್ವದ್ದು ತುಂಬಿದ ಸ್ತನ. ಹೀಗಿದ್ದೂ ಎರಡು ದೇಹಗಳು ಎಲ್ಲಿ ಸೇರಿದವೆಂದು ಗೆರೆ ಎಳೆದು ತೋರಿಸಲು ಆಗುವುದಿಲ್ಲ. ನಿಮ್ಮ ಕತ್ತರಿಗೆ ಅಂಥ ಬೆಸುಗೆ ಸಾಧ್ಯವಿಲ್ಲ, ಅದು ಬೇಕಾಗಿಯೂ ಇಲ್ಲ. ಕಾಗದದ ಅಂಚು ಇರುವುದನ್ನು ಒಪ್ಪಿಕೊಂಡೇ ಎರಡು ತುಣುಕುಗಳನ್ನು ಪರಸ್ಪರ ವಾಲಿಸುವುದು ಹೇಗೆಂಬುದನ್ನು ಮಾತ್ರ ಆ ಕಲ್ಲಿನಿಂದ ಕಲಿಯಬಹುದು.

ಪ್ರಶ್ನೆ: ನಾನೂ ಛಾಯಾಚಿತ್ರಗಳ ಕೊಲಾಜ್ ಮಾಡುತ್ತೇನೆ. ಮನೆಯ ಹಳೆಯ ಫೋಟೋಗಳನ್ನೂ ದೇವರ ಪಟಗಳನ್ನೂ ಕತ್ತರಿಸಬಹುದೇ? ಯಾವ ಅಂಟು ಬಳಸಲಿ?
— ಓದುಗರು, ಪುಣೆ

ಉತ್ತರ: ಮೂಲವನ್ನು ಕತ್ತರಿಸಬೇಡಿ. ಒಳ್ಳೆಯ ಸ್ಕ್ಯಾನ್ ಮಾಡಿಸಿ, ಆಮ್ಲರಹಿತ ಕಾಗದದ ಮೇಲೆ ಪಿಗ್ಮೆಂಟ್ ಶಾಯಿಯಲ್ಲಿ ಮುದ್ರಿಸಿ ಆ ಪ್ರತಿಯನ್ನು ಬಳಸಿ. ಸಾಮಾನ್ಯ ಡೈ ಶಾಯಿಯ ಮುದ್ರಣ ಅಂಟಿನ ನೀರು ತಾಗಿದೊಡನೆ ಹರಡಿಕೊಳ್ಳುತ್ತದೆ. ಗೋಧಿಯ ಪಿಷ್ಟದಿಂದ ಕುದಿಸಿ ಮಾಡಿದ ಅಂಟು ಎಲ್ಲಕ್ಕಿಂತ ಉತ್ತಮ, ಬೇಕಾದಾಗ ನೀರಿನಿಂದ ಬಿಡಿಸಬಹುದು. ಮರಗೆಲಸದ ಬಿಳಿ ಅಂಟು ಒಣಗಿದ ಮೇಲೆ ಬಿಡಿಸಲು ಬರುವುದಿಲ್ಲ. ಪಟವನ್ನು ಕತ್ತರಿಸಿದ ಮೇಲೆ ಉಳಿಯುವ ಚೂರುಗಳನ್ನು ಕಸಕ್ಕೆ ಹಾಕದೆ ಮನೆಯ ಪದ್ಧತಿಯಂತೆ ವಿಲೇವಾರಿ ಮಾಡಿ. ಮನೆಯವರ ಮನಸ್ಸು ನೋಯದಿರಲು ಇದು ಕಾಗದದ ಗುಣಮಟ್ಟದಷ್ಟೇ ಮುಖ್ಯ.

ಪ್ರಶ್ನೆ: ನಗ್ನತೆ ಮತ್ತು ದೈವದ ಚಿಹ್ನೆಗಳಿರುವ ಛಾಯಾಚಿತ್ರಗಳನ್ನು ಪ್ರದರ್ಶಿಸಿದರೆ ಕಾನೂನಿನ ತೊಡಕು ಉಂಟೇ? ಗೆಳತಿಯೊಬ್ಬಳು ರೂಪದರ್ಶಿಯಾಗಲು ಒಪ್ಪಿದ್ದಾಳೆ.
— ಓದುಗರು, ಮಡಗಾಂವ್

ಉತ್ತರ: ನಗ್ನತೆ ತಾನಾಗಿಯೇ ಅಶ್ಲೀಲವಲ್ಲ. 1954ರಲ್ಲಿ ಮುಂಬೈಯ ಜಹಾಂಗೀರ್ ಕಲಾ ಗ್ಯಾಲರಿಯಲ್ಲಿ ಕಲಾವಿದ ಅಕ್ಬರ್ ಪದಮ್ಸಿ ಅವರ ಪ್ರೇಮಿಗಳ ಚಿತ್ರದ ಮೇಲೆ ಪೊಲೀಸರು ಮೊಕದ್ದಮೆ ಹೂಡಿದಾಗ ನ್ಯಾಯಾಲಯ ಅವರನ್ನು ನಿರ್ದೋಷಿ ಎಂದಿತು. ಒಂದು ಭಾಗವನ್ನು ಕಿತ್ತು ನೋಡದೆ, ಇಡೀ ಕೃತಿಯನ್ನು ಸಮಕಾಲೀನ ಸಮಾಜದ ಮಾನದಂಡದಿಂದ ನೋಡಬೇಕೆಂದು ಸುಪ್ರೀಂ ಕೋರ್ಟ್ 2014ರ ಅವೀಕ್ ಸರ್ಕಾರ್ ಪ್ರಕರಣದಲ್ಲಿ ಹೇಳಿದೆ. 2024ರ ಅಕ್ಟೋಬರಿನಲ್ಲಿ ಬಾಂಬೆ ಹೈಕೋರ್ಟ್, ಕಸ್ಟಮ್ಸ್ ಇಲಾಖೆ ಅಶ್ಲೀಲವೆಂದು ತಡೆಹಿಡಿದಿದ್ದ ಪದಮ್ಸಿ ಮತ್ತು ನಿಮ್ಮ ಗೋವಾದ ಸಾಲಿಗಾಂವ್‌ನಲ್ಲಿ ಹುಟ್ಟಿದ ಎಫ್.ಎನ್. ಸೋಜಾ ಅವರ ಏಳು ಕೃತಿಗಳನ್ನು ಬಿಡುಗಡೆ ಮಾಡಲು ಆದೇಶಿಸಿತು. ಅಶ್ಲೀಲತೆಯನ್ನು ಕುರಿತ ಭಾರತೀಯ ನ್ಯಾಯ ಸಂಹಿತೆಯ 294ನೇ ಕಲಮು ಸಾರ್ವಜನಿಕ ಹಿತಕ್ಕೆಂದು ಸಾಬೀತಾದ ಕಲೆಗೂ ಪ್ರಾಚೀನ ದೇವಾಲಯಗಳ ಶಿಲ್ಪಗಳಿಗೂ ವಿನಾಯಿತಿ ಕೊಡುತ್ತದೆ. 299ನೇ ಕಲಮು ಬೇರೆ: ಧಾರ್ಮಿಕ ಭಾವನೆಯನ್ನು ಕೆರಳಿಸುವ ಉದ್ದೇಶಪೂರ್ವಕವಾದ, ದ್ವೇಷದ ಕೃತ್ಯವನ್ನು ಅದು ಶಿಕ್ಷಿಸುತ್ತದೆ. ದೂರು ದಾಖಲಾದರೆ ನಿಮ್ಮ ಉದ್ದೇಶವೇ ಚರ್ಚೆಗೆ ಬರುವುದರಿಂದ, ಕೃತಿಯ ಜೊತೆ ಇಡುವ ಟಿಪ್ಪಣಿಯನ್ನು ಕಾಳಜಿಯಿಂದ ಬರೆಯಿರಿ ಮತ್ತು ಪ್ರದರ್ಶನಕ್ಕೆ ಮೊದಲು ವಕೀಲರೊಬ್ಬರಿಗೆ ತೋರಿಸಿ.

ಗೆಳತಿಯ ವಿಷಯದಲ್ಲಿ ಬಾಯಿಮಾತಿನ ಒಪ್ಪಿಗೆ ಸಾಲದು. ಫೋಟೋ ತೆಗೆಯಲು ಒಪ್ಪುವುದು ಬೇರೆ, ಅದನ್ನು ಹೊರಗೆ ತೋರಿಸಲು ಒಪ್ಪುವುದು ಬೇರೆ. ಒಪ್ಪಿಗೆಯಿಲ್ಲದೆ ಖಾಸಗಿ ಚಿತ್ರವನ್ನು ಹಂಚಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಂತೆ ಮೂರು ವರ್ಷದವರೆಗೆ ಸೆರೆವಾಸ ಆಗಬಹುದು. ಕೊಲಾಜಿನಲ್ಲಿ ಇನ್ನೂ ಒಂದು ಹಂತ ಹೆಚ್ಚಿದೆ. ಆಕೆಯ ದೇಹದ ಯಾವ ಭಾಗವನ್ನು ಕತ್ತರಿಸುತ್ತೀರಿ, ಅದರ ಪಕ್ಕದಲ್ಲಿ ಯಾವ ದೇವರ ಚಿತ್ರ ಬರುತ್ತದೆ ಎಂಬುದನ್ನು ಕೃತಿ ಮುಗಿದ ಮೇಲೆ ಆಕೆಗೆ ತೋರಿಸಿ, ಪ್ರತಿಯೊಂದು ಕೃತಿಗೂ ಪ್ರತ್ಯೇಕವಾಗಿ ಲಿಖಿತ ಸಮ್ಮತಿ ಪಡೆಯಿರಿ. ಬೇಡವೆಂದರೆ ಆ ಕೃತಿಯನ್ನು ಪ್ರದರ್ಶನದಿಂದ ಕೈಬಿಡಿ.