200 ಎಂಬಿಪಿಎಸ್ ಫೈಬರ್ ಇದ್ದರೂ ಆಫೀಸ್ ನೆಟ್ ಮಧ್ಯಾಹ್ನ ಯಾಕೆ ನಿಧಾನ?

ಇಪ್ಪತ್ತು ಜನರ ಆಫೀಸು, 200 ಎಂಬಿಪಿಎಸ್ ಫೈಬರ್, ಆದರೂ ಊಟದ ಹೊತ್ತು ದಾಟಿದರೆ ವಿಡಿಯೋ ಕಾಲ್ ತಡವರಿಸುತ್ತದೆ, ಸರ್ವರ್‌ನಲ್ಲಿರೋ ಟ್ಯಾಲಿ ತೆರೆಯೋಕೂ ತಡ, ಪ್ಲಾನ್ ಜಾಸ್ತಿ ಮಾಡಿಸಲಾ ಅಂತ ಕೇಳಿದ್ದೀರಿ. ಈಗಲೇ ಬೇಡ. ಟ್ಯಾಲಿ ಸರ್ವರ್ ನಿಮ್ಮ ಆಫೀಸಿನೊಳಗೇ ಇದೆ, ಅದಕ್ಕೂ ಫೈಬರ್ ಪ್ಲಾನಿಗೂ ಸಂಬಂಧವಿಲ್ಲ ಅಲ್ವಾ? ಅಂದರೆ ಒಳಗೊಂದು, ಹೊರಗೊಂದು, ಎರಡು ತೊಂದರೆ ಒಟ್ಟಿಗೆ ಇರಬಹುದು. ಇಂಥ ಸಣ್ಣ ಆಫೀಸುಗಳ ನೆಟ್‌ವರ್ಕ್ ನೋಡಿಕೊಳ್ಳೋದೇ ನನ್ನ ಕೆಲಸ, ಹಾಗಾಗಿ ನಾನು ಯಾವ ಕ್ರಮದಲ್ಲಿ ನೋಡುತ್ತೇನೋ ಹಾಗೇ ಹೇಳುತ್ತೇನೆ.

ನಿಧಾನ ಆಗಿರೋ ಹೊತ್ತಿನಲ್ಲೇ, ಕೇಬಲ್ ಹಾಕಿರುವ ಕಂಪ್ಯೂಟರಿನಿಂದ ಮೊದಲು ರೌಟರ್‌ಗೆ ಪಿಂಗ್ ಮಾಡಿ (ಉತ್ತರ ಬರೋಕೆ ಎಷ್ಟು ಹೊತ್ತು ಬೇಕು ಅಂತ ಅಳೆಯೋ ಕಮಾಂಡ್ ಅದು), ಆಮೇಲೆ ಹೊರಗಿರೋ ಗೂಗಲ್ ಸರ್ವರ್ 8.8.8.8ಕ್ಕೆ. ರೌಟರ್‌ನಿಂದ ಉತ್ತರ 1 ಮಿಲಿಸೆಕೆಂಡ್ ಆಸುಪಾಸಿನಲ್ಲಿ ಬರಬೇಕು. ಅಲ್ಲೇ ಏರಿಳಿತ ಇದ್ದರೆ, ಮಧ್ಯೆ ಮಧ್ಯೆ ಟೈಮ್‌ಔಟ್ ಬಂದರೆ, ತೊಂದರೆ ನಿಮ್ಮ ಗೋಡೆಗಳ ಒಳಗೇ ಇದೆ.

ಒಳಗೆ ನಾನು ಮೊದಲು ಅನುಮಾನ ಪಡೋದು ಕೇಬಲ್ ಮೇಲೆ. ಗಿಗಾಬಿಟ್ ವೇಗಕ್ಕೆ ಕೇಬಲಿನ ಎಂಟೂ ತಂತಿ ಸರಿ ಇರಬೇಕು, 100 ಎಂಬಿಪಿಎಸ್‌ಗೆ ನಾಲ್ಕೇ ಸಾಕು. ಹಾಗಾಗಿ ಇಲಿ ಕಡಿದೋ, ಕುರ್ಚಿ ಚಕ್ರ ಹತ್ತಿಯೋ ಒಂದು ತಂತಿ ಹೋದರೂ ನೆಟ್ ನಿಲ್ಲದೆ ಇರಬಹುದು, ಯಾರಿಗೂ ಹೇಳದೆ 100ಕ್ಕೆ ಇಳಿದು ಓಡುತ್ತಿರುತ್ತದೆ! ಸರ್ವರ್ ಕೇಬಲಿಗೇ ಹೀಗಾದರೆ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್, ಅದನ್ನೇ ಇಪ್ಪತ್ತು ಜನ ಹಂಚಿಕೊಳ್ಳಬೇಕು. ಸರ್ವರ್‌ನ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಲಿಂಕ್ ಸ್ಪೀಡ್ ನೋಡಿ. 1000 ಬದಲು 100 ಇದ್ದರೆ ಮೊದಲು ಕೇಬಲ್ ಬದಲಿಸಿ, ಆಗಲೂ ಏರದಿದ್ದರೆ ಕೇಬಲ್‌ಗಳೆಲ್ಲ ಬಂದು ಸೇರೋ ಪೆಟ್ಟಿಗೆ, ಅಂದರೆ ನೆಟ್‌ವರ್ಕ್ ಸ್ವಿಚ್ಚೇ ಹಳೇ 100ರದ್ದಾ ನೋಡಿ. ಕೊಳ್ಳುವಾಗ ಪೂರ್ತಿ ತಾಮ್ರದ್ದೇ ಕೇಳಿ, ಅಗ್ಗಕ್ಕೆ ಸಿಗುವ ಎಷ್ಟೋ ಕೇಬಲ್‌ಗಳಲ್ಲಿ ಒಳಗಿರೋದು ತಾಮ್ರ ಬಳಿದ ಅಲ್ಯೂಮಿನಿಯಂ.

ಇನ್ನು ಮಧ್ಯಾಹ್ನವೇ ಯಾಕೆ ಅನ್ನೋದು. ನನ್ನ ಪ್ರಕಾರ ಇದು ಅಪ್‌ಲೋಡ್ ತುಂಬಿಹೋಗೋ ಕತೆ. ಸಿಸಿಟಿವಿ ಕ್ಲೌಡ್‌ಗೆ ಕಳಿಸುತ್ತಿರುತ್ತದೆ, ಊಟದ ಹೊತ್ತಿಗೆ ಎಲ್ಲರ ಫೋನೂ ವೈಫೈ ಹಿಡಿದು ಫೋಟೋ ಬ್ಯಾಕಪ್ ಶುರು ಮಾಡುತ್ತವೆ, ಜೊತೆಗೆ ಒನ್‌ಡ್ರೈವ್ ಸಿಂಕ್. ಅಪ್‌ಲೋಡ್ ತುಂಬಿದರೆ ರೌಟರ್‌ನಲ್ಲಿ ಪ್ಯಾಕೆಟ್‌ಗಳು, ಅಂದರೆ ಡೇಟಾದ ಸಣ್ಣ ತುಂಡುಗಳು, ಮದುವೆ ಊಟದ ಸಾಲಿನ ಹಾಗೆ ನಿಂತುಬಿಡುತ್ತವೆ. ಡೌನ್‌ಲೋಡ್ ಮಾಡುವಾಗಲೂ 'ಬಂತು' ಅನ್ನೋ ಉತ್ತರ ಅದೇ ಸಾಲಿನಲ್ಲಿ ಹೋಗಬೇಕಾದ್ದರಿಂದ ಅದೂ ಕುಂಟುತ್ತದೆ. ಖಾತ್ರಿ ಮಾಡಿಕೊಳ್ಳೋದು ಸುಲಭ. ಆಫೀಸ್ ಖಾಲಿ ಇರುವಾಗ 8.8.8.8ಕ್ಕೆ ಪಿಂಗ್ ಓಡಿಸುತ್ತಾ ಒಂದು ದೊಡ್ಡ ಫೈಲ್ ಅಪ್‌ಲೋಡ್ ಮಾಡಿ. ಹತ್ತಿಪ್ಪತ್ತು ಮಿಲಿಸೆಕೆಂಡ್ ಇದ್ದದ್ದು ಇನ್ನೂರು ಮುನ್ನೂರಕ್ಕೆ ಹಾರಿದರೆ ಇದೇ ಕಾಯಿಲೆ. ಸುಮ್ನೆ ಬೆಳಿಗ್ಗೆ ಸ್ಪೀಡ್ ಟೆಸ್ಟ್ ಮಾಡಿ 'ಎಲ್ಲ ಸರಿ ಇದೆ ಸಾರ್' ಅಂದರೆ ಇದು ಕಣ್ಣಿಗೆ ಬೀಳೋದೇ ಇಲ್ಲ.

ಮದ್ದು ರೌಟರ್‌ನಲ್ಲಿದೆ. ಓಪನ್‌ಡಬ್ಲ್ಯೂಆರ್‌ಟಿ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿದ ರೌಟರ್ ಆದರೆ, ಆ ಸಾಲು ಬೆಳೆಯದಂತೆ ನೋಡಿಕೊಳ್ಳೋ ಎಸ್‌ಕ್ಯೂಎಂ ಆನ್ ಮಾಡಿ, ಅಪ್‌ಲೋಡ್ ಡೌನ್‌ಲೋಡ್ ಎರಡನ್ನೂ ನಿಜವಾಗಿ ಸಿಗೋ ವೇಗದ 85–90 ಶೇಕಡಾಕ್ಕೆ ಕಟ್ಟಿಹಾಕಿ. ಸ್ವಲ್ಪ ವೇಗ ಬಿಟ್ಟುಕೊಟ್ಟ ಹಾಗೆ ಕಾಣುತ್ತದೆ, ಆದರೆ ಕಾಲ್‌ಗಳು ನಿಲ್ಲೋದಿಲ್ಲ, ಇದನ್ನು ಧೈರ್ಯವಾಗಿ ಹೇಳಬಲ್ಲೆ. ಮೈಕ್ರೋಟಿಕ್ ಕಂಪನಿಯ ರೌಟರ್ ಇದ್ದರೆ ಅದರ ಸಾಫ್ಟ್‌ವೇರ್ ರೌಟರ್‌ಓಎಸ್ 7ರಲ್ಲೂ ಇದೇ ಕೆಲಸ ಮಾಡೋ ಕೇಕ್ (CAKE) ಅನ್ನೋ ಸೌಲಭ್ಯ ಇದೆ. ಎರಡೂ ಇಲ್ಲದಿದ್ದರೆ ಒನ್‌ಡ್ರೈವ್ ಸೆಟ್ಟಿಂಗ್ಸ್‌ನಲ್ಲೇ ಅಪ್‌ಲೋಡ್ ಮಿತಿ ಹಾಕಿ, ಫೋನ್‌ಗಳನ್ನು ಗೆಸ್ಟ್ ವೈಫೈಗೆ ಕಳಿಸಿ ಅದಕ್ಕೆ ಮಿತಿ ಇಡಿ.

ವೈಫೈ ಬಗ್ಗೆ ಜಾಸ್ತಿ ಹೇಳೋದಿಲ್ಲ. ಲ್ಯಾಪ್‌ಟಾಪ್‌ಗಳು 5 ಗಿಗಾಹರ್ಟ್ಸ್‌ನಲ್ಲಿರಲಿ, 2.4ರಲ್ಲಿ ಚಾನೆಲ್ 1, 6, 11 ಬಿಟ್ಟು ಬೇರೆ ಬೇಡ. ವೈಫೈ ಸಿಗ್ನಲನ್ನೇ ಹಿಡಿದು ಮತ್ತೆ ಹರಡೋ ರಿಪೀಟರ್ ಮಾತ್ರ ದಯವಿಟ್ಟು ತರಬೇಡಿ, ಸಾಮಾನ್ಯವಾಗಿ ಅದು ಅರ್ಧ ವೇಗ ತಿಂದುಹಾಕುತ್ತದೆ. ಒಂದು ಕೇಬಲ್ ಎಳೆದು ಆಕ್ಸೆಸ್ ಪಾಯಿಂಟ್, ಅಂದರೆ ಕೇಬಲಿನಿಂದ ನೆಟ್ ಪಡೆದು ವೈಫೈ ಕೊಡೋ ಪೆಟ್ಟಿಗೆ, ಹಾಕಿಸಿ.

ಇಷ್ಟೆಲ್ಲ ಆದಮೇಲೂ, ನಿಮ್ಮ ಅಪ್‌ಲೋಡ್ ಖಾಲಿ ಇದ್ದು, ರೌಟರ್ ಪಿಂಗ್ ಚೆನ್ನಾಗಿದ್ದು, 8.8.8.8 ಮಾತ್ರ ಕೆಟ್ಟಿದ್ದರೆ, ಆಗ ಇಂಟರ್ನೆಟ್ ಕಂಪನಿಯವರಿಗೆ ಫೋನ್ ಮಾಡಿ. ಎರಡೂ ಪಿಂಗ್ ಅಕ್ಕಪಕ್ಕ ಕಾಣೋ ಸ್ಕ್ರೀನ್‌ಶಾಟ್ ತೆಗೆದು, ಸಮಯ ಬರೆದು ಕಳಿಸಿ.