ಲಕ್ಷದ್ವೀಪದ ಜನ, ಆಡಳಿತ, ಬದುಕು ಹೇಗಿದೆ?

ಹೆಸರಲ್ಲಿ ಲಕ್ಷವಿದ್ದರೂ ಜನ ವಾಸಿಸುವುದು 10 ದ್ವೀಪಗಳಲ್ಲಿ ಮಾತ್ರ. ಒಟ್ಟು ನೆಲ 32 ಚದರ ಕಿ.ಮೀ.; 2011ರ ಜನಗಣತಿಯಂತೆ 64,473 ಜನ. ಮಿನಿಕಾಯ್‌ನಲ್ಲಿ ಮಹಲ್ ಭಾಷೆ, ಉಳಿದೆಡೆ ಮಲಯಾಳಂನ ಒಳನುಡಿ.

ವಿಧಾನಸಭೆಯಿಲ್ಲ. ಆಡಳಿತ ಕೇಂದ್ರ ನೇಮಿಸಿದ ಆಡಳಿತಾಧಿಕಾರಿಯದು; ರಾಜಧಾನಿ ಕವರತ್ತಿ. ಲೋಕಸಭೆಗೆ ಒಬ್ಬರೇ ಸದಸ್ಯರು. ನಮ್ಮವರು ಮರೆತಿರುವ ಸಂಗತಿಯೊಂದಿದೆ: 1956ರವರೆಗೆ ಅಮಿನಿ, ಕಡ್ಮತ್, ಕಿಲ್ತಾನ್ ಮುಂತಾದವು ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು.

ತೆಂಗು, ನಾರು, ಟ್ಯೂನಾ ಮೀನು ಮುಖ್ಯ ಆದಾಯ. ಜೀವಂತ ಸಣ್ಣ ಮೀನನ್ನು ನೀರಿಗೆರಚಿ, ಟ್ಯೂನಾ ಮುತ್ತಿದಾಗ ಗಾಳದ ಕೋಲಿನಿಂದ ಒಂದೊಂದಾಗಿ ಎಳೆಯುತ್ತಾರೆ.

ನಿಜವಾದ ಕಷ್ಟ ಕುಡಿಯುವ ನೀರಿನದು. ಹವಳದ ಮರಳಿಗಿಳಿದ ಮಳೆನೀರು ಉಪ್ಪುನೀರಿನ ಮೇಲೆ ತೆಳು ಪದರವಾಗಿ ತೇಲುತ್ತದೆ. ಪಂಪಿನಿಂದ ಜೋರಾಗಿ ಎಳೆದರೆ ಕೆಳಗಿನ ಉಪ್ಪುನೀರು ಮೇಲೇರಿ ಬಾವಿಯೇ ಕೆಡುತ್ತದೆ.